ಖಾಲಿ ಎಲೆಯ ಕೆಂಕಿ

ಕಡಲತೀರದ ಅನೊಮಾಬುವಿನಲ್ಲಿ ಕೂಕುವಾ ಅಜ್ಜಿ ಮಾರುವ ಕೆಂಕಿ ತಿನ್ನದೆ ಬೆಳೆದವರು ಕಡಿಮೆ. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಒಣ ಬಾಳೆಲೆಯಲ್ಲಿ ಸುತ್ತಿ ಬೇಯಿಸುವ ಕಡುಬು ಅದು. ನಲವತ್ತು ವರ್ಷದಲ್ಲಿ ಅಜ್ಜಿ ಒಂದು ಉಂಡೆಯ ಅಳತೆಯನ್ನೂ ತಪ್ಪಿದವಳಲ್ಲ; ತಪ್ಪಿದೆ ಎಂದವರನ್ನು ಸುಮ್ಮನೆ ಬಿಟ್ಟವಳೂ ಅಲ್ಲ.

ಈ ವರ್ಷ ಆಕೆ ಹಿಟ್ಟಿಡುವುದನ್ನೇ ಮರೆತು ಕೆಲವೊಮ್ಮೆ ಬರೀ ಎಲೆ ಸುತ್ತತೊಡಗಿದಳು. ಸುತ್ತುವುದು ಮಾತ್ರ ಮೊದಲಿನಷ್ಟೇ ಅಚ್ಚುಕಟ್ಟು. ಮನೆಗೆ ಒಯ್ದು ಬಿಚ್ಚಿದವರಿಗೆ ಎಲೆಯೊಳಗೆ ಎಲೆ, ಅದರೊಳಗೂ ಎಲೆ. “ಒಳಗಿದ್ದದ್ದನ್ನ ಮುದುಕಿ ಕೂತಲ್ಲಿಂದಲೇ ತಿಂತಾಳೆ” ಎಂದು ಯಾರೋ ಅಂದರು. ವಾರದೊಳಗೆ ಅಜ್ಜಿ ಮಾಟಗಾತಿಯಾಗಿ ಹೋದಳು.

ಅದೇ ವಠಾರದಲ್ಲಿದ್ದ ಅಜ್ಜಿಯ ತಂಗಿಯ ಮಗಳು ಮನ್ಸಾ, ಭಾನುವಾರ ಆಕೆಯನ್ನು ಮಾಟ ಬಿಡಿಸುವ ಪ್ರಾರ್ಥನೆಯ ಶಿಬಿರಕ್ಕೆ ಬಿಟ್ಟುಬರುವುದೆಂದು ತೀರ್ಮಾನಿಸಿದಳು. ಅಲ್ಲಿಗೆ ಹೋದ ಮುದುಕಿಯರು ತಿರುಗಿ ಬಂದದ್ದನ್ನು ಅಜ್ಜಿಯ ಸೊಸೆ ಅರಾಬಾ ನೋಡಿರಲಿಲ್ಲ. ಆದರೆ ತಾಯಿಯ ಕಡೆಯವರ ಮಾತೇ ನಡೆಯುವ ಊರಲ್ಲಿ ಸೊಸೆಯ ಮಾತು ಎಷ್ಟರದು?

“ಇದು ಮರೆವಿನ ಕಾಯಿಲೆ ಅಂತ ನರ್ಸಮ್ಮ ಹೇಳಿದ್ರು ಅಕ್ಕ.”

“ನರ್ಸಿಗೇನು ಗೊತ್ತು? ಅವಳು ಕೆಂಕಿ ತಗೊಳ್ಳೋದು ಬೇರೆ ಕಡೆ.”

ಶನಿವಾರ ಸಂಜೆ ಹಂಡೆ ಒಲೆಗೇರಿದ ಮೇಲೆ ವಠಾರವೆಲ್ಲ ಕಥೆಗೆ ಕೂತಿತು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಅರಾಬಾ ತಾನೇ ಶುರುಮಾಡಿದಳು.

“ಒಬ್ಬಳ ಕಣಜಕ್ಕೆ ಹುಳ ಬಿತ್ತು. ಇವತ್ತು ಸುರಿದ ಜೋಳ ಮೊದಲು ತಿಂತು, ಆಮೇಲೆ ನಿನ್ನೇದು. ಇವಳೇ ಕದ್ದು ತಿಂದಳು ಅಂದ್ರು ಊರವರು. ಪಾಪ, ಅವಳೇ ಉಪವಾಸ. ತಳದಲ್ಲಿ ಹಳೇ ಜೋಳ ಮಾತ್ರ…”

ಕೂಕುವಾ ಅಜ್ಜಿ ಚಪ್ಪಾಳೆ ತಟ್ಟಿದಳು. “ನಿಲ್ಲು ನಿಲ್ಲು, ಆವತ್ತು ನಾನೂ ಅಲ್ಲೇ ಇದ್ದೆ.”

ಹೀಗೆ ಕಥೆ ನಿಲ್ಲಿಸುವ ಹಕ್ಕು ಕೇಳುಗರಿಗೆಲ್ಲ ಉಂಟು. ನಿಲ್ಲಿಸಿದವರು ಹಾಡಬೇಕು, ಉಳಿದವರು ಪಲ್ಲವಿಗೆ ದನಿಗೂಡಿಸಬೇಕು. ಬೆಳಿಗ್ಗೆಯಷ್ಟೇ ಅರಾಬಾಳನ್ನು “ನೀನು ಯಾರ ಮನೆ ಹುಡುಗಿಯಮ್ಮ?” ಎಂದು ವಿಚಾರಿಸಿದ್ದ ಅಜ್ಜಿ, ತನ್ನ ಹುಡುಗಿತನದ ಬಲೆ ಎಳೆಯುವ ಹಾಡನ್ನು ಒಂದು ಪದವೂ ಜಾರದೆ ಹಾಡಿದಳು. ಮನ್ಸಾ ತುಟಿ ಬಿಗಿದು ಕೂತಿದ್ದಳು. ಸುಮ್ಮನಿದ್ದರೆ ಹಾಡುವವಳಿಗೆ ಅವಮಾನ. ಅಷ್ಟು ಧೈರ್ಯ ಆಕೆಗೂ ಇರಲಿಲ್ಲ. ಮೂರನೆಯ ಸಲಕ್ಕೆ ಬಾಯಿ ಬಿಟ್ಟಳು, ಎರಡನೆಯ ಸಾಲಲ್ಲೇ ಎಡವಿದಳು.

“ಹಾಗಲ್ಲ ಕಣೇ,” ಎಂದಳು ಅಜ್ಜಿ. “ನಿಮ್ಮಮ್ಮನೂ ಅಲ್ಲೇ ತಪ್ಪೋಳು.”

ವಠಾರ ನಕ್ಕಿತು. ಮನ್ಸಾಳ ತಾಯಿ ಸತ್ತು ಇಪ್ಪತ್ತು ವರ್ಷವಾಗಿತ್ತು. ಮನ್ಸಾ ಸೆರಗಿನಂತೆ ಹೊದ್ದ ಬಟ್ಟೆಯ ತುದಿಯಲ್ಲಿ ಮೂಗು ಒರೆಸಿಕೊಂಡಳು.

“ತಳದ ಜೋಳ ಹಾಗೇ ಇದೆ,” ಅಂದಳು ಮೆಲ್ಲಗೆ.

“ಅದಕ್ಕೂ ಹುಳ ಬರುತ್ತೆ ಅಕ್ಕ. ಅಲ್ಲಿವರೆಗೂ ಅತ್ತೆ ಇಲ್ಲೇ ಇರಲಿ.”

ಭಾನುವಾರ ಯಾರೂ ಶಿಬಿರದ ಮಾತೆತ್ತಲಿಲ್ಲ. ಸೋಮವಾರ ಮನ್ಸಾ ಅಜ್ಜಿಯ ಪಕ್ಕದಲ್ಲಿ ಮಣೆ ಹಾಕಿ ಕೂತು, ಹಂಡೆಗೆ ಇಳಿಸುವ ಮುನ್ನ ಒಂದೊಂದೇ ಕೆಂಕಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡತೊಡಗಿದಳು.

“ದೊಡ್ಡಮ್ಮ, ಇದು ಖಾಲಿ.”

“ಗೊತ್ತು,” ಎಂದಳು ಅಜ್ಜಿ, ಮುಂದಿನ ಎಲೆ ಎತ್ತಿಕೊಳ್ಳುತ್ತಾ. “ಅದು ನಿನ್ನ ಗಂಡನಿಗೆ.”