ತಿಪ್ಪಣ್ಣನ ಎರಡನೇ ಹೆಸರು

ಆ ಹೆಸರನ್ನು ಫೋನಿನಲ್ಲಿ ಒತ್ತಿದ ಬೆರಳು ನನ್ನದೋ ತಿಪ್ಪಣ್ಣನದೋ ಎಂಬುದು ಈಗ ನನಗೆ ಖಾತ್ರಿಯಿಲ್ಲ. ಮೂರು ವರ್ಷದಿಂದ ಈ ಪ್ರಸಂಗವನ್ನು ಎರಡು ಬಗೆಯಲ್ಲಿ ಹೇಳುತ್ತ ಬಂದಿದ್ದೇನೆ. ನಾಲ್ಕು ಮಂದಿಯ ಮುಂದೆ ಹೇಳುವಾಗ ಅವನೇ ನಗುತ್ತ ಒತ್ತುತ್ತಾನೆ. ಒಬ್ಬನೇ ಕೂತು ನೆನೆಸಿಕೊಂಡಾಗ ನಾನು ಒತ್ತುತ್ತೇನೆ. ಧಾರವಾಡದಲ್ಲಿ ಎರಡು ವರ್ಷ ಇತಿಹಾಸ ಓದಿ ನಾನು ಕಲಿತದ್ದು, ಕಣ್ಣಾರೆ ಕಂಡವನ ಮಾತನ್ನೂ ಪೂರ್ತಿ ನಂಬಬಾರದು ಎಂಬುದನ್ನು. ಆ ಕಣ್ಣಾರೆ ಕಂಡವನು ಒಂದು ದಿನ ನಾನೇ ಆಗಿರುತ್ತೇನೆ ಎಂದು ಮಾತ್ರ ಯಾವ ಮಾಸ್ತರರೂ ಹೇಳಿರಲಿಲ್ಲ.

ತಿಪ್ಪಣ್ಣ ನನ್ನ ಚಿಗವ್ವನ ಮಗ, ಅಂದರೆ ಅವ್ವನ ತಂಗಿಯ ಮಗ. ನನಗಿಂತ ಎರಡು ತಿಂಗಳು ಚಿಕ್ಕವನು. ಆ ಎರಡು ತಿಂಗಳಿಗೆ ಅವನು ಎಂದೂ ಮರ್ಯಾದೆ ಕೊಟ್ಟವನಲ್ಲ. ದುಮ್ಮವಾಡದಲ್ಲಿ ಮನೆ, ಕಲಘಟಗಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ತಂತಿ ಸುತ್ತಿಕೊಡುವ ಸಣ್ಣ ಅಂಗಡಿ. ಮೂವತ್ತಾರಕ್ಕೆ ಅವನ ಎರಡೂ ಕಿಡ್ನಿ ಕೈಕೊಟ್ಟವು. “ಊರ ಮಂದೀ ಮೋಟರ್ ಎಲ್ಲಾ ರಿಪೇರಿ ಮಾಡಿದೆ, ನನ್ನ ಮೋಟರಿಗೆ ವೈಂಡಿಂಗ್ ಆಗೂದಿಲ್ಲಂತ ನೋಡಲೇ” ಎಂದು ಸುದ್ದಿಯನ್ನು ಅವನೇ ಎಲ್ಲರಿಗೂ ಮುಟ್ಟಿಸಿದ. ಮಂಗಳವಾರ, ಶುಕ್ರವಾರ ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ, ಡಯಾಲಿಸಿಸ್ ಯಂತ್ರದ ಬಾಜು ನಾಲ್ಕು ತಾಸು ಮಲಗಬೇಕು. ನಾನು ಅತಿಥಿ ಉಪನ್ಯಾಸಕ. ಕಾಲೇಜುಗಳು ನನ್ನನ್ನು ಅತಿಥಿಯಂತೆಯೇ ನಡೆಸಿಕೊಳ್ಳುತ್ತಿದ್ದವು, ಹೆಚ್ಚು ದಿನ ಇಟ್ಟುಕೊಳ್ಳುತ್ತಿರಲಿಲ್ಲ. ಹಾಗಾಗಿ ಜೊತೆಗೆ ಹೋಗುವ ಕೆಲಸ ನನಗೆ ಬಂತು.

ನಾಲ್ಕು ತಾಸು ಕಳೆಯಲು ಅವನು ಫೋನಿನಲ್ಲಿ ಗುಂಡು ಹಾರಿಸುವ ಒಂದು ಆಟ ಹಚ್ಚಿಕೊಂಡ. ನಾಲ್ಕಾರು ಊರಿನವರು ಒಟ್ಟಿಗೆ ಸೇರಿ, ಮುಖ ನೋಡದೆ, ಮಾತಾಡುತ್ತ ಆಡುವ ಆಟ. ಒಳಗೆ ಹೋಗುವ ಮೊದಲು ಅದು ಒಂದು ಹೆಸರು ಕೇಳುತ್ತದೆ. ತಿಪ್ಪಣ್ಣ ಅಲ್ಲೇ ಎದ್ದು ಕೂತ. “ಲೇ ಪ್ರೊಫೆಸರಾ, ನೀ ಇಷ್ಟ ಓದೀದಿ, ಒಂದ ಹೆಸರ ಹುಡುಕಿ ಕೊಡಲೇ. ಒಮ್ಮೆ ಕೇಳಿದಾಂವ ಸಾಯೂತನಕಾ ಮರೀಬಾರ್ದು.”

ಅವನ ಆತುರ ನನಗೆ ಅರ್ಥವಾಗುತ್ತಿತ್ತು. ಅವನು ಹುಟ್ಟುವ ಮೊದಲು ಚಿಗವ್ವನ ಎರಡು ಕೂಸು ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಉಳಿಯಲೆಂದು, ನಮ್ಮ ಕಡೆಯ ಪದ್ಧತಿಯಂತೆ, ಕೂಸನ್ನು ಮೊರದಲ್ಲಿಟ್ಟು ಹಿತ್ತಿಲ ತಿಪ್ಪೆಯ ಮೇಲೆ ಮಲಗಿಸಿದರು. ನೆರೆಮನೆಯಾಕೆ ಅದನ್ನು ಎತ್ತಿ ತಂದಳು; ಚಿಗವ್ವ ಒಂದು ಬೊಗಸೆ ತೌಡು ಕೊಟ್ಟು ಪರರ ಕೂಸನ್ನು ಪಡೆದಂತೆ ಪಡೆದಳು. ಹೆಸರು ತಿಪ್ಪಣ್ಣ. ಕಸದಲ್ಲಿ ಸಿಕ್ಕಿದ್ದಕ್ಕೆ ಸಾವು ಆಸೆಪಡುವುದಿಲ್ಲ ಎಂಬುದು ಲೆಕ್ಕಾಚಾರ. ಅದು ಫಲಿಸಿತು ಎಂದು ಚಿಗವ್ವ ನಂಬಿದ್ದಳು. ಮೂವತ್ತಾರು ವರ್ಷದ ಸಾಕ್ಷಿ ಎದುರಿಗೇ ಓಡಾಡುತ್ತಿತ್ತಲ್ಲ. ಆದರೆ ಆ ಹೆಸರನ್ನು ಸಾಲಿಯಲ್ಲಿ ಹೊತ್ತು ತಿರುಗಿದವನು ಅವನು. ಹಾಜರಿ ಕರೆದಾಗಲೆಲ್ಲ ಹಿಂದಿನ ಬೆಂಚಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಾನೂ ಮುಚ್ಚಿಕೊಂಡಿದ್ದೇನೆ. ಮದುವೆಯಾಗದೆ ಉಳಿದದ್ದೂ ಹೆಸರಿನಿಂದಲೇ ಎಂಬುದು ಅವನ ದೂರು. ಈಗ ಜೀವನದಲ್ಲಿ ಮೊದಲ ಸಲ ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಅವಕಾಶ ಬಂದಿತ್ತು.

ಇಂಥ ಹೆಸರು ಆರಿಸುವುದು ಹೇಗೆ ಎಂದು ತಿಳಿಸುವ ಬರಹವೊಂದು ಇಂಟರ್‌ನೆಟ್ಟಿನಲ್ಲಿ ಸಿಕ್ಕಿತು. ಗಟ್ಟಿಯಾಗಿ ಓದಿ ಹೇಳಿದೆ. ಹೆಸರು ಚಿಕ್ಕದಿರಬೇಕು. ಕರೆಯಲು ಸುಲಭವಿರಬೇಕು. ಬೇರೆ ಯಾರಿಗೂ ಇರಬಾರದು. ನಿಮ್ಮ ಬಗ್ಗೆ ಏನಾದರೂ ಹೇಳುವಂತಿರಬೇಕು. ಸರಿ, ಶುರುವಾಯಿತು. ರಾಜ ಎಂದು ಒತ್ತಿದರೆ ಯಾರೋ ಆಗಲೇ ತೆಗೆದುಕೊಂಡಿದ್ದರು. ಸಿಡಿಲು, ಗರುಡ, ಸರದಾರ, ಎಲ್ಲ ಹೋಗಿದ್ದವು. ಹುಲಿಯನ್ನು ಎಷ್ಟೋ ಮಂದಿ ಹಿಂದೆ ಅಂಕಿ ಅಂಟಿಸಿಕೊಂಡು ಹಂಚಿಕೊಂಡಿದ್ದರು. “ಅಡವ್ಯಾಗ ಹುಲಿ ಉಳದಿಲ್ಲಂತಾರ. ಎಲ್ಲಾ ಇಲ್ಲೇ ಬಂದ ಕುಂತಾವಲ್ಲೋ,” ಎಂದ ತಿಪ್ಪಣ್ಣ. ಸೂಜಿ ಚುಚ್ಚಿದ ಕೈ ನಕ್ಕ ರಭಸಕ್ಕೆ ಅಲುಗಿತು. “ತಿಪ್ಪಣ್ಣಾ, ಎಡಗೈ ಅಲಗಾಡಿಸಬ್ಯಾಡ್ರಿ ಅಂತ ಎಷ್ಟ ಸಲ ಹೇಳೂದ್ರಿ?” ಎಂದಳು ನರ್ಸಮ್ಮ. “ನೋಡ್ರಿ ಸಿಸ್ಟರ್, ನೀವೂ ಅದ ಹೆಸರ ಹಿಡದ ಕರೀತೀರಿ,” ಎಂದ.

ಆಗ ನನ್ನ ಓದು ಎದ್ದು ಕೂತಿತು. ಅಣ್ಣಿಗೇರಿಯ ಕಡೆ ಶಾಸನದ ಕಲ್ಲುಗಳನ್ನು ಓದುತ್ತ ಅಲೆದ ದಿನಗಳಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟದ್ದು ಬಿರುದುಗಳು. ಹತ್ತು ಹಳ್ಳಿಯ ಒಡೆಯನೂ ಶತ್ರುಗಳಿಗೆ ಸಿಡಿಲು, ಗಂಡುಗಲಿ, ಇಂಥವನ ತಲ್ಲಣ, ಅಂಥವನ ತಲ್ಲಣ. ಅವನು ನಿಜವಾಗಿ ಎಷ್ಟು ಮಂದಿಯನ್ನು ತಲ್ಲಣಗೊಳಿಸಿದನೋ ಕಲ್ಲು ಹೇಳುವುದಿಲ್ಲ. ಇಂದಿನ ಆಟಗಾರರು ಮಾಡುತ್ತಿರುವುದೂ ಅದನ್ನೇ; ಕಲ್ಲು ಕಡೆಯುವ ಖರ್ಚು ಉಳಿದಿದೆ ಅಷ್ಟೇ. ಆ ಧಾಟಿಯಲ್ಲಿ ನಾನೇ ಒಂದನ್ನು ಹೊಸೆದೆ: ಯಮತಲ್ಲಣ. ಯಮನನ್ನೇ ನಡುಗಿಸುವವನು. ಆ ಹೆಸರು ಜಗತ್ತಿನಲ್ಲಿ ಯಾರಿಗೂ ಇರಲಿಲ್ಲ. ಒತ್ತಿದೆವು, ಅಥವಾ ಒತ್ತಿದೆ. ಅವನ ಎಡಗೈ ಯಂತ್ರಕ್ಕೆ ಕಟ್ಟಿತ್ತು, ಬಲಗೈಯಲ್ಲಿ ಫೋನಿತ್ತು, ಹಿಡಿದ ಕೈಯ ಹೆಬ್ಬೆರಳಲ್ಲೇ ಒತ್ತುವುದು ಅವನಿಗೆ ಆಗಿನ್ನೂ ರೂಢಿಯಾಗಿರಲಿಲ್ಲ ಎಂಬುದನ್ನು ಯೋಚಿಸಿದರೆ ಸಾಕ್ಷ್ಯ ನನ್ನ ವಿರುದ್ಧವೇ ಇದೆ.

ಯಮತಲ್ಲಣ ಒಂದೇ ಹೆಬ್ಬೆರಳಲ್ಲಿ ಆಡುತ್ತಿದ್ದ. ಎಲ್ಲರಿಗಿಂತ ಮೊದಲು ಸಾಯುತ್ತಿದ್ದ. “ಸತ್ತ ಮತ್ತ ಏಳೂದು ಇಲ್ಲಿ ಅಗದಿ ಸಸ್ತಾ” ಎನ್ನುತ್ತಿದ್ದ.

ಒಂದು ಮಧ್ಯಾಹ್ನ ದುಮ್ಮವಾಡದ ಮನೆಯ ಪಡಸಾಲೆಯಲ್ಲಿ ಅವನು ಆಡುತ್ತಿದ್ದಾಗ, ಫೋನಿನಿಂದ ಯಾವುದೋ ಊರಿನ ಗಂಡಸಿನ ದನಿ ಕೂಗಿತು: “ಯಮತಲ್ಲಣಾ, ಎಡಕ್ಕ ನೋಡ್ರಿ, ಎಡಕ್ಕ!” ಅಕ್ಕಿ ಹಸನು ಮಾಡುತ್ತಿದ್ದ ಚಿಗವ್ವನ ಕೈ ನಿಂತಿತು. “ಯಾರಿಗೆ ಕರೀತಾನ ಅಂವಾ?” ಎಂದಳು. ಇವನು ತನ್ನ ಎದೆ ಮುಟ್ಟಿ ತೋರಿಸಿ, ಹೆಸರಿಟ್ಟವನು ಯಾರೆಂದು ಗದ್ದದಿಂದ ನನ್ನ ಕಡೆ ಸನ್ನೆ ಮಾಡಿದ. ಆಕೆ ಮೊರವನ್ನು ಕೆಳಗಿಟ್ಟಳು.

“ತಿಪ್ಪ್ಯಾಗ ಹಾಕಿ ಕೂಸಿನ ಉಳಿಸ್ಕೊಂಡಾಕಿ ನಾ. ಜೀವಾ ಒಯ್ಯಾಂವನ ಹೆಸರ ಹಿಡದ ದಿನಾ ಮನಿಗೆ ಕರೀತೀರೇನಪಾ ನೀವು?”

“ಚಿಗವ್ವಾ, ಕಿಡ್ನಿಗೆ ಹೆಸರ ಓದಾಕ ಬರೂದಿಲ್ಲ,” ಎಂದೆ.

ಇದನ್ನು ನಾನೇ ಹೇಳಿದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಷ್ಟು ಜಾಣತನದ, ಅಷ್ಟು ನಿರುಪಯೋಗಿ ಮಾತನ್ನು ಆ ಮನೆಯಲ್ಲಿ ಬೇರೆ ಯಾರೂ ಆಡುತ್ತಿರಲಿಲ್ಲ. “ಬಿಡಬೇ ಯವ್ವಾ, ಆಟಾ ಅದು,” ಎಂದ ತಿಪ್ಪಣ್ಣ. ಹೆಸರು ತೆಗೆದುಹಾಕು ಎಂದು ಆಕೆ ಪಟ್ಟು ಹಿಡಿದಳು. ತೆಗೆಯಲು ಬರುವುದಿಲ್ಲ ಎಂದೆವು. ಅದು ಅರ್ಧ ನಿಜ. ಮೊದಲ ಹೆಸರು ಪುಕ್ಕಟೆ. ಬದಲಿಸಬೇಕಾದರೆ ನೂರು ಆಟ ಪೂರ್ತಿ ಆಡಿ ಒಂದು ಚೀಟಿ ಗಳಿಸಬೇಕು. ಒಂದು ಹೆಬ್ಬೆರಳಿನವನಿಗೆ ನೂರು ಆಟ!

ಆ ಮಳೆಗಾಲದಲ್ಲಿ ತಿಪ್ಪಣ್ಣ ಸತ್ತ. ಒಂದು ಬೆಳಿಗ್ಗೆ, ಡಯಾಲಿಸಿಸ್ ಇಲ್ಲದ ದಿನ, ಬಚ್ಚಲಿಗೆ ಹೋದವನು ಕುಸಿದ. ಹೃದಯ ತಡೆಯಲಿಲ್ಲ ಎಂದರು ಡಾಕ್ಟರು, ಇಂಥ ರೋಗಿಗಳಲ್ಲಿ ಇದು ಅಪರೂಪವಲ್ಲವೆಂದರು. ನಾನು ಡಾಕ್ಟರ ಮಾತನ್ನು ನಂಬುತ್ತೇನೆ. ಆದರೆ ಮಣ್ಣು ಮಾಡಿ ಬಂದ ದಿನ ಚಿಗವ್ವ ಹೊಸ್ತಿಲಲ್ಲಿ ನನ್ನನ್ನು ನಿಲ್ಲಿಸಿ, “ನೀ ಆ ಹೆಸರ ಇಟ್ಟಿ, ಒಯ್ಯಾಂವ ಕೇಳಿಸ್ಕೊಂಡಾ” ಅಂದದ್ದು ನನ್ನ ಕಿವಿಯಲ್ಲಿದೆ. ಆಕೆ ಅಂದು ಬಾಯಿ ಬಿಡುವ ಸ್ಥಿತಿಯಲ್ಲೇ ಇರಲಿಲ್ಲ, ಇದೆಲ್ಲ ನಿನ್ನ ಕಲ್ಪನೆ ಎಂದು ನನ್ನ ಅವ್ವ ಆಣೆ ಮಾಡುತ್ತಾಳೆ. ಆ ಮಾತು ಚಿಗವ್ವನದೋ, ನಾನೇ ಆಕೆಯ ಬಾಯಿಗೆ ಇಟ್ಟದ್ದೋ? ದೆವ್ವ ದೇವರು ಎರಡನ್ನೂ ನಂಬದವನಿಗೆ ಇದೊಂದು ವಿಚಿತ್ರ ಶಿಕ್ಷೆ. ಹೆಸರು ಕೊಲ್ಲುವುದಿಲ್ಲ ಎಂದು ಗೊತ್ತು. ಆದರೂ ದುಮ್ಮವಾಡದ ಬಸ್ಸು ಬಂದರೆ ಒಂದನ್ನು ಬಿಟ್ಟು ಮುಂದಿನದಕ್ಕೆ ಕಾಯುತ್ತಿದ್ದೆ. ಮೂರು ವರ್ಷ ಆಕೆ ನನಗೆ ಚಹಾ ಕೊಟ್ಟಳು, ಊಟಕ್ಕೆ ಏಳು ಎನ್ನಲಿಲ್ಲ.

ಹೋದ ತಿಂಗಳು ಆಕೆಯೇ ಕೇಳಿದಳು. “ಆ ಹೆಸರ ಇನ್ನೂ ಐತೇನಪಾ, ಅದರಾಗ?” ಇರಬಹುದು ಎಂದೆ. “ಅಳಿಸಾಕ ಬರತದೇನ ನೋಡು. ನನ್ನ ಕೂಸು ಆ ಹೆಸರಿನ್ಯಾಗ ಇರೂದು ಬ್ಯಾಡ.”

ಮನೆಗೆ ಬಂದು ಆಟವನ್ನು ನನ್ನ ಫೋನಿಗೆ ಇಳಿಸಿಕೊಂಡೆ. ಅದು ಮೊದಲು ನನ್ನ ಹೆಸರು ಕೇಳಿತು. ನನಗೆ ಯಾವ ಬಿರುದೂ ಹೊಳೆಯಲಿಲ್ಲ. ಅತಿಥಿ ಎಂದು ಒತ್ತಿದೆ, ಅದನ್ನೂ ಯಾರೋ ತೆಗೆದುಕೊಂಡಿದ್ದರು. ಅಂಕಿ ಅಂಟಿಸಿಕೊಂಡು ಒಳಗೆ ಹೋಗಿ ಯಮತಲ್ಲಣನನ್ನು ಹುಡುಕಿದೆ. ಅಂಥವರು ಯಾರೂ ಇಲ್ಲ ಎಂದಿತು. ಹಾಗಾದರೆ ಇಡೀ ಕತೆಯನ್ನು ನಾನೇ ಹೊಸೆದೆನೇ? ಸುಮ್ಮನೆ ತಿಪ್ಪಣ್ಣ ಎಂದು ಒತ್ತಿದೆ. ಒಬ್ಬನೇ ಒಬ್ಬ ಬಂದ. ಚಿತ್ರದ ಜಾಗದಲ್ಲಿ ತಂತಿ ಸುತ್ತಿದ ಮೋಟರು. ಕೆಳಗೆ ಸಣ್ಣ ಅಕ್ಷರದಲ್ಲಿ: ಹಿಂದಿನ ಹೆಸರು ಯಮತಲ್ಲಣ. ಅದರ ಪಕ್ಕದಲ್ಲಿ ಬದಲಿಸಿದ ತಾರೀಖು.

ನೂರು ಆಟ ಆಡಿದ್ದ ಅವನು. ನನಗೆ ಹೇಳಿರಲಿಲ್ಲ, ತಾಯಿಗೂ ಹೇಳಿರಲಿಲ್ಲ. ಆ ಬರಹದ ನಾಲ್ಕೂ ನಿಯಮಕ್ಕೆ ಸರಿಹೋಗುವ ಹೆಸರು ಹುಟ್ಟಿದಾಗಿನಿಂದ ಅವನ ಬಳಿಯೇ ಇತ್ತು. ಹುಲಿಗಳಿಗಾಗಿ ಹುಡುಕಾಡಿದ ನಾವಿಬ್ಬರೂ ಅದನ್ನು ಒಮ್ಮೆಯೂ ಒತ್ತಿ ನೋಡಿರಲಿಲ್ಲ.

ಮರುವಾರ ದುಮ್ಮವಾಡಕ್ಕೆ ಹೋದೆ. ದಾರಿಯುದ್ದಕ್ಕೂ ಯೋಚಿಸಿದೆ. ನಿಜ ಹೇಳಿದರೆ ಆರೋಪದಿಂದ ನಾನು ಬಿಡುಗಡೆ. ಮಗ ತನ್ನ ಮಾತು ಕೇಳಿದ್ದ ಎಂಬ ಸಮಾಧಾನವೂ ಆಕೆಗೆ ಸಿಗುತ್ತದೆ. ಆದರೆ ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಆಕೆ ತಿಪ್ಪೆಯಿಂದ ತಂದ ಹೆಸರು ಮೈಮೇಲೆ ಇದ್ದಾಗಲೇ ಅವನು ಹೋದ. ಎರಡು ಕೂಸುಗಳ ನಂತರ ಆಕೆ ಕಟ್ಟಿಕೊಂಡದ್ದು ಆ ಒಂದು ನಂಬಿಕೆ. ಅದನ್ನು ಕಿತ್ತು ನನ್ನ ಕೈ ತೊಳೆದುಕೊಳ್ಳಬೇಕೇ?

“ಅಳಿಸೀನಿ ಚಿಗವ್ವಾ. ಈಗ ತಿಪ್ಪಣ್ಣ ಅಂತ ಐತಿ,” ಎಂದೆ. ಎರಡನೆಯ ವಾಕ್ಯ ನಿಜ. “ಛಲೋ ಆತು,” ಎಂದಳು. ಎದ್ದು ಒಳಗೆ ಹೋಗುತ್ತ, “ಕೈ ತೊಳ್ಕೊ, ರೊಟ್ಟಿ ಮಾಡೀನಿ,” ಎಂದಳು.

ಆಕೆ ಹಾಗೆ ಅಂದಳೋ, ನಾನು ಹಾಗೆ ಕೇಳಿಸಿಕೊಂಡೆನೋ, ಇನ್ನೆರಡು ವರ್ಷ ಬಿಟ್ಟು ಅದರ ಬಗ್ಗೆಯೂ ನನಗೆ ಸಂಶಯ ಬರಬಹುದು. ಆದರೆ ಒಂದನ್ನು ಮಾತ್ರ ನೆನಪಿಗೆ ಬಿಡಲಿಲ್ಲ. ಆಟದಲ್ಲಿದ್ದ ತಾರೀಖನ್ನೂ ಅವನ ಸಮಾಧಿಯ ಕಲ್ಲಿನ ಮೇಲಿನ ತಾರೀಖನ್ನೂ ಹಳೆಯ ಕ್ಯಾಲೆಂಡರಿನಲ್ಲಿ ಹಿಡಿದು ಎರಡು ಸಲ ಎಣಿಸಿದ್ದೇನೆ: ಹೆಸರು ಬದಲಾದದ್ದು ಒಂದು ಮಂಗಳವಾರ, ಅವನು ಸಾಯುವುದಕ್ಕೆ ಹನ್ನೊಂದು ವಾರ ಎರಡು ದಿನ ಮೊದಲು.