ನಾನು ತೆಗೆದುಕೊಳ್ಳದ ಪಗಾರ

ಮೊಮ್ಮಕ್ಕಳೇ, ಹೋದ ವಾರ ನಿಮ್ಮ ಅಪ್ಪ ನನ್ನ ಬಲಗೈಗೆ ಹಚ್ಚಿಕೊಳ್ಳಲೆಂದು ಒಂದು ಎಣ್ಣೆಯ ಬಾಟಲಿ ತಂದುಕೊಟ್ಟ. ಮುಚ್ಚಳ ತೆಗೆದೊಡನೆ ಎಳ್ಳೆಣ್ಣೆ, ಕರ್ಪೂರ, ಅದರ ಹಿಂದೆ ಯಾವುದೋ ಕಹಿ ಬೇರಿನ ವಾಸನೆ ಬಂತು. ಮುಚ್ಚಳ ಕೈಯಲ್ಲಿ ಹಿಡಿದುಕೊಂಡು ಹಾಗೇ ಕುಳಿತುಬಿಟ್ಟೆ. ಹಳಿಯಾಳದಲ್ಲಿ, ನಮ್ಮ ಗೋಡೆಗೆ ಗೋಡೆ ಹತ್ತಿಕೊಂಡಿದ್ದ ಮನೆಯಿಂದ ದಿನಾ ಮುಂಜಾನೆ ಇದೇ ವಾಸನೆಯನ್ನು ಅಂಗೈಯಲ್ಲಿ ಹೊತ್ತುಕೊಂಡು ನಾನು ಮನೆಗೆ ಬರುತ್ತಿದ್ದೆ. ಸಾಬೂನು ಹಚ್ಚಿ ಎರಡು ಸಲ ತೊಳೆದರೂ ಹೋಗುತ್ತಿರಲಿಲ್ಲ...

ಆ ಮನೆಯಲ್ಲಿದ್ದವರು ಅಕ್ಕೋರು. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆ. ಓಣಿಗೆಲ್ಲ ಅವರು ಅಕ್ಕೋರೇ. ನಿಮ್ಮ ಅಪ್ಪನಿಗೆ ಮೊದಲ ಅಕ್ಷರ ತಿದ್ದಿಸಿದವರು. ಮದುವೆಯಾಗಿರಲಿಲ್ಲ. ನೌಕರಿ ಸಿಕ್ಕ ಹೊಸದರಲ್ಲಿ ಜೋಯಿಡಾ ಕಡೆಯ ಕಾಡಿನ ಶಾಲೆಯೊಂದರಲ್ಲಿ ಇದ್ದರಂತೆ. ಬಸ್ಸು ಬಿಟ್ಟ ಜಾಗದಿಂದ ಎರಡು ಹಳ್ಳ ದಾಟಿ ನಡೆಯಬೇಕಿತ್ತಂತೆ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದದ್ದನ್ನು ನಗುತ್ತಾ ಹೇಳುತ್ತಿದ್ದರು. ಅಂಥ ಕಾಲುಗಳು ಮುಂದೆ ತಮ್ಮದೇ ಮನೆಯ ಹೊಸ್ತಿಲ ಮುಂದೆ ಬಂದು ನಿಂತುಬಿಡುತ್ತವೆ ಎಂದು ಯಾರು ತಿಳಿದಿದ್ದರು?

ಶುರುವಾದದ್ದು ಹೆಬ್ಬೆರಳಿನ ನಡುಕದಿಂದ. ಅವರು ನಿವೃತ್ತರಾದ ಎರಡನೆಯ ವರ್ಷ ಅದು. ಮುಂಜಾನೆ ಅವರು ಚಹಾ ಕುಡಿಯುವಾಗ ಬಶಿಯ ಮೇಲೆ ಕಪ್ಪು ಕಿಣಿಕಿಣಿ ಎನ್ನುವುದು ಗೋಡೆಯ ಈಚೆ ನನಗೆ ಕೇಳಿಸುತ್ತಿತ್ತು. ಕೆಲವು ತಿಂಗಳಾದ ಮೇಲೆ ಆ ಸದ್ದು ನಿಂತಿತು. ಗುಣವಾಯಿತು ಎಂದು ನಾನು ಸಮಾಧಾನಪಟ್ಟೆ. ಗುಣವಾಗಿರಲಿಲ್ಲ. ಅವರು ಕಪ್ಪು ಬಿಟ್ಟು ದೊಡ್ಡ ಸ್ಟೀಲ್ ಲೋಟದ ತಳಕ್ಕೆ ಒಂದಿಷ್ಟು ಸುರಿದುಕೊಂಡು, ಎರಡೂ ಕೈಯಿಂದ ಹಿಡಿದು ಕುಡಿಯಲು ಶುರುಮಾಡಿದ್ದರು.

ಓಣಿಯವರು ವಾಯು ಎಂದರು. ಹುಬ್ಬಳ್ಳಿಯ ನರರೋಗದ ಡಾಕ್ಟರು ಪಾರ್ಕಿನ್ಸನ್ ಎಂದರು. ಮೆದುಳಿನಿಂದ ಬರುವ ರೋಗ, ಹೋಗುವಂಥದ್ದಲ್ಲ, ಗುಳಿಗೆಯಿಂದ ಸ್ವಲ್ಪ ತಡೆದು ಹಿಡಿಯಬಹುದು ಎಂದರಂತೆ. ದಿನಕ್ಕೆ ನಾಲ್ಕು ಸಲ ಗುಳಿಗೆ. ಅದರ ಗುಣ ಇರುವಷ್ಟು ಹೊತ್ತು ಅಕ್ಕೋರು ಅಕ್ಕೋರಾಗಿಯೇ ಇರುತ್ತಿದ್ದರು. ಇಳಿಯುತ್ತಾ ಬಂದಂತೆ ಮೈ ಕಟ್ಟಿಗೆಯಾಗುತ್ತಿತ್ತು, ಮುಖದ ಮೇಲಿನ ನಗು ಅಳಿಸಿಹೋಗುತ್ತಿತ್ತು. ಬಾಗಿಲ ಹತ್ತಿರ ಬಂದರೆ ಪಾದ ನೆಲಕ್ಕೆ ಅಂಟಿಕೊಂಡು ಮೇಲೇಳುತ್ತಿರಲಿಲ್ಲ.

ಗುಳಿಗೆಯ ಖರ್ಚು ಹೇಗೋ ನಡೆಯುತ್ತಿತ್ತು. ಆದರೆ ಮೀಯಿಸುವವರಿಗೆ, ಸೀರೆ ಉಡಿಸುವವರಿಗೆ, ಬಚ್ಚಲಿಗೆ ಕೈಹಿಡಿದು ಒಯ್ಯುವವರಿಗೆ ಯಾರು ಕೊಡಬೇಕು? ಅದಕ್ಕೆ ಯಾವ ಆರೋಗ್ಯ ಕಾರ್ಡೂ ನಡೆಯುವುದಿಲ್ಲ. ಅಂಗವಿಕಲರ ಮಾಸಾಶನ ಸಿಕ್ಕೀತೇನೋ ಎಂದು ನಾನೇ ಅವರನ್ನು ತಾಲೂಕು ಕಚೇರಿಗೆ ಕರೆದುಕೊಂಡು ಹೋಗಿದ್ದೆ. ಪೆನ್ಶನ್ ಬರುವವರಿಗೆ ಅದು ಇಲ್ಲ ಎಂದರು. ಅಕ್ಕೋರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಪೆನ್ಶನ್ ಸಾಕು, ಆಳು ಇಟ್ಟುಕೊಳ್ಳುತ್ತೇನೆ ಎಂದರು. ಅವರಿಗೆ ಇದ್ದ ಆಸೆ ಒಂದೇ, ಕಡೆಯವರೆಗೂ ಸ್ವಂತ ಮನೆಯಲ್ಲಿರಬೇಕು. ಮುಂಡಗೋಡದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಅವರ ಅಣ್ಣನ ಮಗ ಬಾ ಬಾ ಎಂದು ಕರೆಯುತ್ತಲೇ ಇದ್ದ. "ನನ್ನ ಬಾಗಲಾ ನಾನ ತಗೀಬೇಕು, ನಾನ ಹಾಕಬೇಕು. ಅಷ್ಟು ಇರೂತನಾ ನಾ ಎಲ್ಲೂ ಬರೂದಿಲ್ಲ" ಎಂದು ಅವನಿಗೆ ನನ್ನೆದುರೇ ಹೇಳಿದ್ದರು.

ದಾಂಡೇಲಿ ರಸ್ತೆಯ ಒಂದು ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬರತೊಡಗಿದಳು. ಹಿಂದೆ ಒಂದು ದವಾಖಾನೆಯಲ್ಲಿ ಆಯಾ ಆಗಿದ್ದವಳು. ಮುಂಜಾನೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಡಾಕ್ಟರು ಹೇಳಿದಂತೆ ಮಂಚದಿಂದ ಬಚ್ಚಲವರೆಗೂ ನೆಲದ ಮೇಲೆ ಖಡುವಿನಿಂದ, ಅಂದರೆ ಬಿಳಿ ಸೀಮೆಸುಣ್ಣದಿಂದ, ಅಡ್ಡಗೆರೆ ಎಳೆಯುವುದನ್ನು ಶುರುಮಾಡಿದವಳು ಅವಳೇ. ಅದೇನು ಮಾಯೆಯೋ, ಬರೀ ನೆಲದ ಮೇಲೆ ಏಳದ ಪಾದ ಗೆರೆ ಕಂಡರೆ ಅದನ್ನು ದಾಟಲು ಏಳುತ್ತಿತ್ತು. ಮೂವತ್ತೈದು ವರ್ಷ ಖಡು ಹಿಡಿದವರು ಈಗ ಇನ್ನೊಬ್ಬರು ಎಳೆದ ಗೆರೆಯ ಮೇಲೆ ಹೆಜ್ಜೆ ಇಡುತ್ತಿದ್ದರು. ತಿಂಗಳ ಒಂದನೆಯ ತಾರೀಖಿಗೆ ಆಯಾಗೆ ಲಕೋಟೆಯಲ್ಲಿ ಪಗಾರ. ಉಳಿದ ದಿನವೆಲ್ಲ ಅಕ್ಕೋರು ಅವಳನ್ನು ಕರೆಯುವ ದನಿ ಗೋಡೆಯಾಚೆಯಿಂದ ಕೇಳುತ್ತಿತ್ತು, ತರಗತಿಯಲ್ಲಿ ಹುಡುಗರನ್ನು ಕರೆಯುತ್ತಿದ್ದ ಅದೇ ದನಿ. ನೀರು ಕೊಡು, ಕಿಟಕಿ ತೆಗಿ, ಇದಲ್ಲ ಆ ಸೀರೆ... ಅವಳೂ ಎದುರು ಮಾತಾಡುತ್ತಿದ್ದಳು, ಇಬ್ಬರೂ ಜಗಳಾಡಿ ನಗುತ್ತಿದ್ದರು.

ಮುಂದಿನದೆಲ್ಲ ಆ ಹೆಬ್ಬೆರಳಿನಿಂದಲೇ ಆಯಿತು. ಪೆನ್ಶನ್ ಪಡೆಯುವವರು ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ, ತಾವು ಬದುಕಿದ್ದೇವೆಂದು ಮಷಿನ್ ಮೇಲೆ ಬೆರಳು ಒತ್ತಿ ತೋರಿಸಬೇಕು. ಆ ವರ್ಷ ಅಕ್ಕೋರ ಜೊತೆ ಆಯಾ ಮತ್ತು ನಾನು ಹೋಗಿದ್ದೆವು. ಬೆರಳು ನಿಲ್ಲಲಿಲ್ಲ. ಎಡಗೈ ಆಯಿತು, ಬಲಗೈ ಆಯಿತು, ಹತ್ತೂ ಬೆರಳಾಯಿತು. ಮಷಿನಿನ ಕೆಂಪು ದೀಪ ಹಸಿರಾಗಲಿಲ್ಲ. ಕೌಂಟರಿನಲ್ಲಿದ್ದವನು ಅವರ ಹಳೆಯ ವಿದ್ಯಾರ್ಥಿ. ಸಂಕೋಚದಿಂದ, "ಅಕ್ಕೋರ, ಒಂದೀಟು ಅಲ್ಲಾಡಸದ ಹಿಡೀರಿ" ಎಂದ.

"ಒಂದನೇ ಕ್ಲಾಸಿನ್ಯಾಗ ಕೈ ಕಟ್ಟಿ ಕೂಡೋ ಅಂದ್ರ ನೀ ಕೂಡತಿದ್ದಿಲ್ಲ," ಎಂದರು ಅಕ್ಕೋರು. "ಈಗ ನನ್ನ ಕೈ ನನ್ನ ಮಾತು ಕೇಳವಲ್ದು. ಯಾರಿಗೆ ಹೊಡೀಲಿ?"

ಎಲ್ಲರೂ ನಕ್ಕೆವು. ಆ ನಗು ನೆನೆದರೆ ಈಗ ಸಂಕಟವಾಗುತ್ತದೆ. ಡಾಕ್ಟರ ಚೀಟಿ ತರಬೇಕು, ಕಾಗದ ಮೇಲಿನ ಕಚೇರಿಗೆ ಹೋಗಬೇಕು ಎಂದು ಹೇಳಿ ಕಳಿಸಿದರು. ಅಕ್ಕೋರು ಬದುಕಿದ್ದಾರೆ ಎಂದು ಆ ಕಾಗದಗಳು ಒಪ್ಪಿಕೊಳ್ಳುವ ಹೊತ್ತಿಗೆ ನಾಲ್ಕು ತಿಂಗಳಾಯಿತು. ನಾಲ್ಕು ತಿಂಗಳೂ ಪೆನ್ಶನ್ ಬರಲಿಲ್ಲ. ಆಯಾ ಎರಡು ತಿಂಗಳು ಪಗಾರವಿಲ್ಲದೆ ಬಂದಳು. ಮೂರನೆಯ ತಿಂಗಳು, ಬಸ್ಸಿಗೂ ಹಣವಿಲ್ಲ ಎಂದು ಕಣ್ಣೀರು ಹಾಕಿ ಬೇರೆ ಮನೆ ಹಿಡಿದಳು. ಅವಳದು ತಪ್ಪಲ್ಲ.

ಆಗ ನಾನು ಹೋದೆ. ಯಾರೂ ಕರೆಯಲಿಲ್ಲ, ನಾನೇ ಹೋದೆ. ನಿಮ್ಮ ಅಜ್ಜ ತೀರಿಹೋಗಿ ಆಗಲೇ ಮೂರು ವರ್ಷವಾಗಿತ್ತು. ಮುಂಜಾನೆ ಎಣ್ಣೆ ಹಚ್ಚಿ ಮೀಯಿಸುತ್ತಿದ್ದೆ, ಖಡುವಿನಿಂದ ಗೆರೆ ಎಳೆಯುತ್ತಿದ್ದೆ, ಊಟ ಕೊಡುತ್ತಿದ್ದೆ. ಬೇಕಾದಾಗ ಗೋಡೆ ಬಡಿಯಿರಿ, ಬರುತ್ತೇನೆ ಎಂದು ಹೇಳಿಟ್ಟಿದ್ದೆ. ಅವರು ಬಡಿಯುತ್ತಿದ್ದರು, ನಾನು ಓಡುತ್ತಿದ್ದೆ.

ಪೆನ್ಶನ್ ಒಮ್ಮೆಲೇ ಬಂದ ದಿನ ಅವರು ನನ್ನನ್ನು ಕೂಡಿಸಿ ಕೈಗೆ ಒಂದು ಲಕೋಟೆ ಕೊಟ್ಟರು. ಒಳಗಿನ ನೋಟುಗಳು ಅವರ ಕೈಯ ನಡುಕಕ್ಕೆ ಸರಸರ ಅನ್ನುತ್ತಿದ್ದವು. ನಾನು ಹಿಂದಕ್ಕೆ ಸರಿದೆ.

"ಅಕ್ಕೋರ, ಮಗ್ಗಲ ಮನಿಯವರ ನಡುವ ರೊಕ್ಕ ಎಲ್ಲೆ ಬಂತ್ರಿ?"

"ಇದು ಆಯೇರಿ-ಉಡುಗೊರಿ ಅಲ್ಲ ತಂಗೀ, ಪಗಾರ. ಆಕಿಗೆ ಕೊಟ್ಟಂಗ ನಿನಗೂ."

"ನೀವು ನನ್ನ ಮಗಗ ಅಕ್ಷರಾ ಕಲಿಸೀರಿ. ನಿಮ್ಮ ಕಡಿಂದ ರೊಕ್ಕಾ ತಗೊಂಡ್ರ ನನಗ ಪಾಪ ಹತ್ತತೈತ್ರಿ."

"ಅದಕ್ಕೂ ನಾ ಪಗಾರ ತಗೊಂಡಿದ್ದೆ," ಎಂದರು.

ಆದರೂ ನಾನು ತೆಗೆದುಕೊಳ್ಳಲಿಲ್ಲ. ಲಕೋಟೆಯನ್ನು ಅವರ ದಿಂಬಿನ ಕೆಳಗಿಟ್ಟು ಎದ್ದು ಬಂದೆ. ಬೇರೆ ಆಳು ಹುಡುಕುತ್ತೇನೆ ಎಂದರೆ, ನಾನಿರುವಾಗ ಯಾಕೆ ಎಂದು ಅದನ್ನೂ ಬಿಡಿಸಿದೆ. ಮಕ್ಕಳೇ, ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಅದು ನನ್ನ ದೊಡ್ಡತನ ಆಗಿರಲಿಲ್ಲ. ಹಣ ಮುಟ್ಟಿದರೆ ಓಣಿಯಲ್ಲಿ ನನ್ನನ್ನು ಕೆಲಸದಾಕೆ ಎಂದಾರು, ಗಂಡ ಸತ್ತ ಮೇಲೆ ಕಂಡವರ ಮನೆಯ ಬಚ್ಚಲು ತೊಳೆಯುತ್ತಾಳೆ ಎಂದಾರು, ಎಂಬ ನಾಚಿಕೆ ನನಗಿತ್ತು. ಪುಕ್ಕಟೆ ಮಾಡಿದರೆ ಪುಣ್ಯವಂತೆ, ಹಣ ತೆಗೆದುಕೊಂಡರೆ ಆಳು. ನಮ್ಮ ಓಣಿಯ ಲೆಕ್ಕ ಹಾಗಿತ್ತು, ನನ್ನ ಲೆಕ್ಕವೂ ಅದೇ ಆಗಿತ್ತು.

ಆಮೇಲೆ ಅವರು ಬೇರೆ ದಾರಿ ಹುಡುಕಿದರು. ಒಂದು ಡಬ್ಬಿಯಲ್ಲಿ ಅಂಗಡಿಯಿಂದ ತರಿಸಿದ ಪೇಡೆ ಬಂತು, ಒಂದು ಸಲ ದ್ರಾಕ್ಷಿ-ಗೋಡಂಬಿ ಬಂತು, ಒಂದು ಸಲ ಅವರೇ ಉಡದೆ ಇಟ್ಟಿದ್ದ ಇಳಕಲ್ ಸೀರೆ. ಸೀರೆ ವಾಪಸ್ ಕೊಟ್ಟೆ. ಡಬ್ಬಿಯನ್ನು ಖಾಲಿ ಕೊಡಬಾರದಲ್ಲ, ಅದು ನಮ್ಮ ಮನೆಗಳ ರೀತಿ. ಒಮ್ಮೆ ಚಕ್ಕುಲಿ, ಒಮ್ಮೆ ಉಂಡಿ, ಒಮ್ಮೆ ಮಾದಲಿ ತುಂಬಿ ಕಳಿಸಿದೆ. ಅವರು ಒಂದು ಕೊಟ್ಟರೆ ನಾನು ಎರಡು ಕೊಟ್ಟೆ. ಅವರ ಮೇಲಿನ ಭಾರ ಇಳಿಸುತ್ತಿದ್ದೇನೆ ಎಂದು ತಿಳಿದಿದ್ದೆ. ಒಂದು ದಿನ ಡಬ್ಬಿ ಬರುವುದು ನಿಂತಿತು.

ಅದಾದ ಮೇಲೆ ಗೋಡೆ ಬಡಿಯುವುದೂ ಕಡಿಮೆಯಾಯಿತು. ದಿನಕ್ಕೆ ಏಳೆಂಟು ಸಲ ಇದ್ದದ್ದು ನಾಲ್ಕಾಯಿತು, ಎರಡಾಯಿತು. ಅವರ ಮೈ ಹಗುರಾಗಿರಬೇಕು ಎಂದುಕೊಂಡೆ. ಮಧ್ಯಾಹ್ನ ಹೋದರೆ ಮುಂಜಾನೆ ಇಟ್ಟ ತಂಬಿಗೆಯ ನೀರು ಹಾಗೇ ಇರುತ್ತಿತ್ತು. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ, ಹೋಗಬೇಕಾದರೆ ನನ್ನನ್ನು ಕರೆಯಬೇಕಾಗುತ್ತದೆ... ಅದಕ್ಕೇ ಕುಡಿಯುತ್ತಿರಲಿಲ್ಲ. ಅವರ ತುಟಿ ಒಡೆದದ್ದನ್ನು ನೋಡಿದೆ. ಚಳಿಗೆ ಎಂದುಕೊಂಡು ಬೆಣ್ಣೆ ಹಚ್ಚಿದೆ. ಏನಾದರೂ ಮಾಡಲು ಹೋದರೆ, ಆಯ್ತು, ನೀನು ಹೋಗು, ನಿನಗೂ ಮನೆಯಿದೆ ಎನ್ನುತ್ತಿದ್ದರು. ಆಯಾಳ ಜೊತೆ ಜಗಳಾಡುತ್ತಿದ್ದ ಆ ದನಿ ನನ್ನ ಜೊತೆ ಒಂದು ದಿನವೂ ಬರಲಿಲ್ಲ. ನನಗೆ ಅವರು ಬೈಯಲೇ ಇಲ್ಲ. ಆಗಲಾದರೂ ನನಗೆ ತಿಳಿಯಬೇಕಿತ್ತು.

ಅದು ಒಂದು ಅಮಾವಾಸ್ಯೆ. ನಿಮ್ಮಲ್ಲಿ ಹಿರಿಯವಳು ಆಗ ತೊಟ್ಟಿಲಲ್ಲಿದ್ದಳು. ಅವಳನ್ನು ನೋಡಲು ನಿಮ್ಮ ಅಮ್ಮನ ತವರಿನವರು ಬರುವವರಿದ್ದರು. ನಾನು ಬೇಗ ಹೋಗಿ ಅಕ್ಕೋರನ್ನು ಮೀಯಿಸಿ, ಮಂಚದ ಮೇಲೆ ಕೂಡಿಸಿ, ಅಮಾವಾಸ್ಯೆ ಎಂದು ಮನೆಯನ್ನೆಲ್ಲ ನೀರು ಹಾಕಿ ಒರೆಸಿದೆ. ಗೆರೆಗಳೆಲ್ಲ ಅಳಿಸಿದವು. ಹಸಿ ನೆಲದ ಮೇಲೆ ಖಡು ಹತ್ತುವುದಿಲ್ಲ. ಆರಿದ ಮೇಲೆ ಬಂದು ಎಳೆಯುತ್ತೇನೆ ಎಂದು ಹೇಳಿ ಬಂದೆ. ಮನೆಯಲ್ಲಿ ಹೂರಣ ರುಬ್ಬಬೇಕಿತ್ತು. ಅಷ್ಟರಲ್ಲಿ ಗೋಡೆ ಎರಡು ಸಲ ಸದ್ದಾಯಿತು. ಎರಡು ಸಲವೂ ಹೋದೆ, ಗುಳಿಗೆ ಕೊಟ್ಟೆ, ಹೊದಿಕೆ ಹೊದಿಸಿದೆ. ಎರಡನೆಯ ಸಲ ನನ್ನ ಕೈಗೆ ಹೂರಣ ಮೆತ್ತಿತ್ತು. ಅವರು ಆ ಕೈಯನ್ನೇ ನೋಡಿದರು. ನೆಲ ಇನ್ನೂ ಹಸಿಯಾಗಿತ್ತು.

ಆಮೇಲೆ ಮಂದಿ ಬಂದರು. ನಾನು ಗೆರೆ ಮರೆತೆ.

ಮಧ್ಯಾಹ್ನ ಊಟದ ತಾಟು ಹಿಡಿದು ಹೋದಾಗ ಮಂಚದ ಮೇಲೆ ಅವರಿರಲಿಲ್ಲ. ಬಚ್ಚಲ ಹೊಸ್ತಿಲ ಈಚೆ ಬಿದ್ದಿದ್ದರು. ಒಂದು ಕಾಲು ಸೊಂಟದ ಕೆಳಗೆ ಹೊರಳಿಕೊಂಡಿತ್ತು. ಕಣ್ಣು ತೆರೆದೇ ಇತ್ತು. ಗೆರೆಯಿಲ್ಲದ ನೆಲದ ಮೇಲೆ ಹೇಗೋ ಅಲ್ಲಿಯವರೆಗೂ ಹೋಗಿ, ಹೊಸ್ತಿಲ ಮುಂದೆ ಪಾದ ನಿಂತು, ಗೋಡೆ ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ಅವರು ಹಿಡಿದು ನಿಂತದ್ದು ನಮ್ಮಿಬ್ಬರ ನಡುವಿನ ಗೋಡೆಯನ್ನೇ. ಈಚೆ ಬದಿಗೆ ನಾವು ಹೋಳಿಗೆ ಬಡಿಸುತ್ತಾ ನಗುತ್ತಿದ್ದೆವು. ಒಮ್ಮೆ ಬಡಿದಿದ್ದರೆ ಸಾಕಿತ್ತು.

ಸೊಂಟದ ಎಲುಬು ಮುರಿದಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೂರನೆಯ ದಿನ ಅವರ ಹತ್ತಿರ ಕುಳಿತು, ಯಾಕೆ ಕರೆಯಲಿಲ್ಲ ಎಂದು ಅತ್ತುಬಿಟ್ಟೆ. ದನಿ ಅಷ್ಟು ಹೊತ್ತಿಗೆ ಬಹಳ ಸಣ್ಣದಾಗಿತ್ತು. ಬಾಯಿಯ ಹತ್ತಿರ ಕಿವಿ ಇಟ್ಟೆ.

"ಎರಡು ಸಲ ಕರದಿದ್ದೆ. ಮೂರನೇದು ಹೆಂಗ ಕರೀಲಿ? ನೀ ಪಗಾರ ತಗೊಂಡಿದ್ದಿ ಅಂದ್ರ ಕರೀತಿದ್ದೆ, ತಂಗೀ."

ಅದರಲ್ಲಿ ಸಿಟ್ಟಿರಲಿಲ್ಲ. ಪಾಠ ತಪ್ಪಿದ ಮಗುವಿಗೆ ತಿದ್ದಿ ಹೇಳಿದಂತೆ ಹೇಳಿದರು.

ಅಣ್ಣನ ಮಗ ಅವರನ್ನು ಧಾರವಾಡದ ಕಡೆ ವೃದ್ಧರನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದ. ಅಲ್ಲಿಯ ಖರ್ಚಿಗೆ ಪೆನ್ಶನ್ ಸಾಲದೆ ಹಳಿಯಾಳದ ಮನೆ ಮಾರಿದರು. ನಾನು ಒಮ್ಮೆ ಬಸ್ಸು ಹಿಡಿದು ಹೋಗಿ ನೋಡಿ ಬಂದೆ. ಎರಡೂ ಬದಿಗೆ ಕಂಬಿ ಇದ್ದ ಮಂಚ. ಹಗಲೆಲ್ಲ ತೆರೆದೇ ಇರುವ ಬಾಗಿಲು. ಅವರು ಆ ಬಾಗಿಲ ಕಡೆ ನೋಡುತ್ತಿದ್ದರು, ನನ್ನ ಕಡೆಯಲ್ಲ. ಮಳೆಗಾಲ ಮುಗಿಯುವ ಮೊದಲೇ ಹೋದರು. ಸುದ್ದಿ ನಮಗೆ ಮಣ್ಣಾದ ಮರುದಿನ ಬಂತು...

ಈಗ ನನ್ನ ಬಲಗೈಯ ವಿಷಯ. ಹುಬ್ಬಳ್ಳಿಯ ಡಾಕ್ಟರು ಹೇಳಿದ ಹೆಸರು ನಿಮ್ಮ ಅಪ್ಪನಿಗೆ ಗೊತ್ತು. ನನಗೆ ಅವರು ಹೇಳುವ ಮೊದಲೇ ಗೊತ್ತಿತ್ತು. ಈ ದಾರಿಯಲ್ಲಿ ನಾನು ಒಮ್ಮೆ ಇನ್ನೊಬ್ಬರ ಕೈಹಿಡಿದು ನಡೆದಿದ್ದೇನೆ, ಎಲ್ಲೆಲ್ಲಿ ತಿರುಗುತ್ತದೆ ಎಂದು ಬಲ್ಲೆ. ನಿಮ್ಮ ಅಮ್ಮ ನಮ್ಮ ಹಿಂಬದಿಯ ಓಣಿಯ ಹೆಣ್ಣುಮಗಳೊಬ್ಬಳನ್ನು ಮುಂಜಾನೆ ನನ್ನ ಸಹಾಯಕ್ಕೆ ಬರಲು ಗೊತ್ತುಮಾಡಿದ್ದಾಳೆ. ಒಳ್ಳೆಯವಳು, ನಾಚಿಕೆಯವಳು. ತಿಂಗಳು ತುಂಬಿದ ದಿನ ನನ್ನ ವಿಧವಾ ವೇತನದಿಂದ ನಾನೇ ತೆಗೆದಿಟ್ಟಿದ್ದ ಹಣ ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡಳು. "ಬಿಡ್ರಿ ಆಯಿ, ಮನಿಯವರಂಗ ಇದ್ದೀವಿ, ರೊಕ್ಕ ಯಾಕ?" ಎಂದಳು.

"ತಗೋ ಯವ್ವಾ," ಎಂದೆ. "ನೀ ತಗೊಂಡ್ರ ನಾ ನಿನ್ನ ಕರೀಬಹುದು."

ಅವಳಿಗೆ ಅರ್ಥವಾಗಲಿಲ್ಲ. ಹಿರಿಯರ ಮಾತು ಮೀರಬಾರದೆಂದು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಮುಂಜಾನೆ ನಾನು ಅವಳನ್ನು ಐದು ಸಲ ಕರೆದೆ. ಐದನೆಯ ಸಲ ನನಗೆ ಏನೂ ಬೇಕಾಗಿರಲಿಲ್ಲ. ಕರೆದರೆ ಬರುತ್ತಾಳೋ ಎಂದು ನೋಡಲು ಕರೆದೆ. ಕೈ ಒರೆಸಿಕೊಳ್ಳುತ್ತಾ, ಮತ್ತೇನ್ರಿ ಆಯಿ ಎಂದು ಗೊಣಗುತ್ತಾ ಬಂದು ನಿಂತಳು. ಅಕ್ಕೋರಿಗೆ ಬೇಕಾಗಿದ್ದದ್ದು ಇಷ್ಟೇ. ಅವರು ಅದರ ಬೆಲೆ ಕೊಡಲು ತಯಾರಿದ್ದರು. ನಾನು ಕೊಡಗೊಡಲಿಲ್ಲ.