ಖಾಲಿ ಬಿಟ್ಟ ಕೆಳಸಾಲು

ಗುಡುಗಣ್ಣನಿಗೆ ಆ ಹೆಸರು ಬಂದದ್ದು ದನಿಯಿಂದ. ಮೆಲ್ಲಗೆ "ನೀರು ಕೊಡು" ಅಂದರೂ ಗೂಡಿನಲ್ಲಿದ್ದ ಲೋಟಗಳು ಗಲಗಲ ಅನ್ನುತ್ತಿದ್ದವು. ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ಕಾಯುತ್ತ ಆಯುಷ್ಯದ ಮುಕ್ಕಾಲು ಪಾಲು ಕಳೆದವನು. ಹಬೆಗೆ ಹುಬ್ಬು ಉದುರಿತ್ತೇ ಹೊರತು ದನಿ ಉದುರಿರಲಿಲ್ಲ. ಆ ಬೆಳಿಗ್ಗೆ ಅವನು ಗುಡುಗಿದ ರಭಸಕ್ಕೆ ಮೇಲಿನ ಮನೆಯವರು ಕಿಟಕಿ ತೆಗೆದು ಬಗ್ಗಿ ನೋಡಿದರು.

ಎಲ್ಲಕ್ಕೂ ಕಾರಣ ಪತ್ರಿಕೆ. ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ ಕೈ ಸವೆಸಿದ ಅವನ ಹೆಂಡತಿ, ಕನ್ನಡಕವನ್ನು ಮೂಗಿನ ತುದಿಗಿಟ್ಟು ಓದಿ ಹೇಳುತ್ತಿದ್ದಳು.

"ನಮ್ಮ ಮೇಷ್ಟ್ರು ಕೈಯಾರೆ ಬರೆದ ಹಾಡಿನ ಹಾಳೆಗಳು ಹರಾಜಿಗೆ ಬಂದಿದಾವಂತೆ. ಅವರ ಹೆಂಡತಿ ಕಡೆ ಯಾರೋ ಮಾರ್ತಿದಾರೆ. 'ಮಹಾನ್ ಸಂಗೀತಗಾರನ ಅಪೂರ್ಣ ಕೃತಿ' ಅಂತ ಹಾಕಿದಾರೆ ನೋಡಿ. 'ನಾಲ್ಕು ದನಿಗಳಲ್ಲಿ ಮೂರನ್ನು ಬರೆದು, ಎಲ್ಲಕ್ಕಿಂತ ಕೆಳಗಿನ ಸಾಲನ್ನು ಬರೆಯುವ ಮುನ್ನವೇ ಸಾವು ಅವರನ್ನು ಕರೆದೊಯ್ದಿತು…'"

"ಅಪೂರ್ಣವಾ? ಯಾವನೇ ಅಂದಿದ್ದು ಅಪೂರ್ಣ ಅಂತ?"

"ನನ್ಮೇಲ್ಯಾಕೆ ರೇಗ್ತೀರಿ, ನಾನೇನು ಪತ್ರಿಕೆಯವಳಾ?"

ಸಾವು ಕರೆದೊಯ್ದಿತಂತೆ! ಆ ಹಾಡು ಕಟ್ಟಿದ ಮೇಲೂ ಮೇಷ್ಟ್ರು ವರ್ಷಗಟ್ಟಲೆ ಗಟ್ಟಿಮುಟ್ಟಾಗಿದ್ದರು. ಹೊಸ ಹಲ್ಲು ಕಟ್ಟಿಸಿಕೊಂಡು, ಅದು ಸರಿಯಾಗಿ ಕೂರಲಿಲ್ಲವೆಂದು ಡಾಕ್ಟರ ಜೊತೆ ಬೀದಿಯಲ್ಲಿ ನಿಂತು ಜಗಳವಾಡಿದ್ದರು. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಇರುವಾಗ ಪತ್ರಿಕೆಯವರಿಗೆ ಇನ್ನೇನು ಬೇಕು?

ನಡೆದದ್ದು ಇಷ್ಟು. ಹುಡುಗಿಯರ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದ ಮೇಷ್ಟ್ರು, ಸಂಜೆ ಲಾಂಡ್ರಿಯ ಕೆಲಸಗಾರರನ್ನು ಸೇರಿಸಿ ಒಂದು ಹಾಡುವ ಮೇಳ ಕಟ್ಟಿದ್ದರು. ಇಸ್ತ್ರಿಯ ಹೆಂಗಸರಿಗೆ ಮೇಲಿನ ಎರಡು ಸಾಲು. ಆಫೀಸಿನ ಗುಮಾಸ್ತರಿಗೆ ಮೂರನೆಯದು. ಅವರೆಲ್ಲ ಹಾಳೆ ಹಿಡಿದು ಹಾಡುವಷ್ಟು ಕಲಿತರು. ಕೆಳಗಿನ ದನಿಗೆ ಸಿಕ್ಕವರು ಬಾಯ್ಲರಿನ ಗುಡುಗಣ್ಣ, ಬಟ್ಟೆ ಸಾಗಿಸುವ ಲಾರಿಯ ಡ್ರೈವರ್, ಗೇಟಿನ ಕಾವಲುಗಾರ ಮತ್ತು ಪಕ್ಕದ ಬೀದಿಯ ಕಟುಕ. ನಾಲ್ವರಿಗೂ ಸ್ವರಲಿಪಿ ಅಂದರೆ ಇರುವೆ ಸಾಲು. ಕಟುಕನಂತೂ ಹಾಳೆಯನ್ನು ತಲೆಕೆಳಗಾಗಿ ಹಿಡಿದೇ ಎರಡು ವಾರ ಭಕ್ತಿಯಿಂದ ಹಾಡಿದ್ದ.

ಮೇಷ್ಟ್ರು ಬೈಯಲಿಲ್ಲ. ಹಾಳೆ ಕಸಿದುಕೊಂಡು ನಾಲ್ವರನ್ನೂ ಬಾಯ್ಲರ್ ಮನೆಗೆ ಕರೆದೊಯ್ದರು. ಅದರ ಗುಂಯ್ ಅನ್ನುವ ಸದ್ದನ್ನೇ ಶ್ರುತಿ ಮಾಡಿಕೊಂಡು, ಒಂದೊಂದೇ ತುಂಡು ತಾವು ಹಾಡಿ, ಇವರಿಂದ ಹಾಡಿಸಿ, ಎಡವಿದಲ್ಲಿ ಆ ಜಾಗವನ್ನೇ ಬದಲಿಸಿ ಆ ಸಾಲನ್ನು ಕಟ್ಟಿದರು. "ಕಾಗದದ ಮೇಲೆ ಬರೆದು ಯಾರಿಗೆ ಓದೋಕೆ? ನಿಮ್ಮ ಹೊಟ್ಟೇಲೇ ಇರ್ಲಿ ಬಿಡ್ರಯ್ಯಾ" ಅಂದರು. ಆಸ್ಪತ್ರೆಯ ಅಂಗಳದಲ್ಲಿ ಅದನ್ನು ಹಾಡಿದ ದಿನ ರೋಗಿಗಳು ಕಿಟಕಿಗಳಿಗೆ ಬಂದು ನಿಂತಿದ್ದರು.

ಈಗ ಡ್ರೈವರ್ ಇಲ್ಲ, ಕಾವಲುಗಾರ ಇಲ್ಲ, ಕಟುಕನೂ ಕಣ್ಣು ಮುಚ್ಚಿದ್ದ. ಮೇಳವೂ ಚದುರಿಹೋಗಿತ್ತು. ಆ ಕೆಳಸಾಲು ಬಲ್ಲವರಲ್ಲಿ ಉಳಿದವನು ಗುಡುಗಣ್ಣ ಒಬ್ಬನೇ. ಪತ್ರಿಕೆಯ ಮಾತೇ ನಿಂತರೆ ಆ ಮೂವರು ಬಾಯಿ ತೆರೆದದ್ದೇ ಸುಳ್ಳು ಎಂದಾಗುತ್ತಿತ್ತು. ಅವನ ಹೊಟ್ಟೆ ಉರಿದದ್ದು ಅದಕ್ಕೇ.

"ಹರಾಜಿಗೆ ಹೋಗ್ಬೇಡಿ. ಅಲ್ಲಿ ಬಾಯಿ ಬಿಟ್ರೆ ಹುಚ್ಚ ಅಂತಾರೆ" ಅಂದಳು ಹೆಂಡತಿ. ಅಂದವಳೇ ಅವನ ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿದಳು.

ಹರಾಜಿನ ಮನೆಯಲ್ಲಿ ಹಾಳೆಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿ, 'ಅಪೂರ್ಣ ಕೃತಿ' ಎಂಬ ಚೀಟಿ ಅಂಟಿಸಿದ್ದರು. ಮಾರಾಟಕ್ಕೆ ಇನ್ನೂ ಹೊತ್ತಿತ್ತು. ಗುಡುಗಣ್ಣ ಅಲ್ಲಿಯ ಅಧಿಕಾರಿಣಿಯನ್ನು ಹುಡುಕಿ ಹಿಡಿದು ಎಲ್ಲವನ್ನೂ ಹೇಳಿದ. ಕತ್ತಿಗೆ ರೇಷ್ಮೆ ವಸ್ತ್ರ ಸುತ್ತಿಕೊಂಡಿದ್ದ ಆ ಹೆಣ್ಣುಮಗಳು ಸಂಗೀತವನ್ನೇ ಓದಿದವಳು; ಗಮನವಿಟ್ಟು ಕೇಳಿದಳು. ಒಂದೆರಡು ತುಂಡು ಹಾಡಿಸಿಕೊಂಡು, ಗಾಜಿನ ಮೇಲೆ ಬಗ್ಗಿ ಮೇಲಿನ ಸಾಲುಗಳ ಜೊತೆ ತಾಳೆ ನೋಡಿದಳು.

"ಕೂಡುತ್ತೆ ತಾತ. ನೀವು ಹೇಳೋದು ನಿಜಾನೇ ಇರ್ಬೇಕು."

"ಹಾಗಾದ್ರೆ ಆ ಚೀಟಿ ಕಿತ್ತಾಕಿ. ಪೂರ್ತಿ ಅಂತ ಬರೀರಿ."

ಅವಳು ದನಿ ತಗ್ಗಿಸಿದಳು. "ಅದಾಗಲ್ಲ. ಇವತ್ತು ಬಂದಿರೋರೆಲ್ಲ ಆ ಖಾಲಿ ಸಾಲಿಗೋಸ್ಕರ ಬಂದಿರೋದು. ತುಂಬಿದ ಹಾಡು ಯಾರಿಗೆ ಬೇಕು? ದಯವಿಟ್ಟು ಹಿಂದೆ ಕೂತ್ಕೊಳ್ಳಿ, ಕಾಫಿ ಕಳಿಸ್ತೀನಿ."

ಗೊತ್ತಿಲ್ಲದೆ ತಪ್ಪು ಮಾಡುವವರನ್ನು ಗುಡುಗಣ್ಣ ಬದುಕಿನುದ್ದಕ್ಕೂ ಕ್ಷಮಿಸಿದ್ದ. ಸಿಡಿಯುವಷ್ಟು ಕಾದಿದ್ದ ಬಾಯ್ಲರಿಗೆ ತಣ್ಣೀರು ಬಿಟ್ಟ ಹೊಸ ಮೇಸ್ತ್ರಿಯನ್ನೂ ಕ್ಷಮಿಸಿದ್ದ. ಗೊತ್ತಿದ್ದೂ ನಗುನಗುತ್ತ ಮಾಡುವವರನ್ನು ಏನು ಮಾಡುವುದು? ಕಾಫಿ ಬಂತು, ಅವನು ಮುಟ್ಟಲಿಲ್ಲ.

ಜನ ತುಂಬಿದರು. ಬಿಳಿ ಕೈಗವಸಿನವನೊಬ್ಬ ಹಾಳೆಗಳನ್ನು ಎತ್ತಿ ತೋರಿಸಿದ. ಹರಾಜು ಕೂಗುವವನು ಸುತ್ತಿಗೆಯನ್ನು ಬದಿಗಿಟ್ಟು, ಗಂಟಲು ಸರಿಮಾಡಿಕೊಂಡು, ತೀರಿದ ಬಂಧುವಿನ ಬಗ್ಗೆ ಮಾತಾಡುವಂತೆ ಹೇಳಿದ: "ಬರೆಯದೇ ಉಳಿದ ಈ ಸಾಲಿಗಾಗಿ, ಯಾರೂ ಎಂದೂ ಕೇಳದ ಆ ದನಿಗಾಗಿ, ಎಲ್ಲರೂ ಒಂದು ನಿಮಿಷ ಮೌನ ಆಚರಿಸೋಣ."

ಎಲ್ಲರೂ ಎದ್ದು ತಲೆ ತಗ್ಗಿಸಿದರು. ಯಾರೂ ಕೇಳದ ದನಿಯಂತೆ! ಕಟುಕ ರಕ್ತ ತೊಳೆದ ಕೈಯಲ್ಲೇ ಓಡಿಬಂದು ಹಾಡಿದ್ದೇನು, ಡ್ರೈವರ್ ಲಾರಿಯ ಬಾನೆಟ್ಟಿಗೆ ಒರಗಿ ಗುನುಗಿದ್ದೇನು, ಅದೆಲ್ಲ ಗಾಳಿಗೆ ಹೋಯಿತೇ? ಗುಡುಗಣ್ಣನ ಕೋಪ ನೆತ್ತಿಗೇರಿತು. ಅವನೂ ಎದ್ದು ನಿಂತ, ಆದರೆ ತಲೆ ತಗ್ಗಿಸಲಿಲ್ಲ. ಬಾಯ್ಲರಿನ ಗುಂಯ್ ಸದ್ದನ್ನು ಮನಸ್ಸಿನಲ್ಲೇ ಹಿಡಿದು, ಹಾಡಲು ಶುರು ಮಾಡಿದ.

ಮುಂದಿನ ಸಾಲಿನ ಹೆಂಗಸೊಬ್ಬಳು ಕೈಚೀಲ ಬೀಳಿಸಿದಳು. ಗಾಜಿನ ಪೆಟ್ಟಿಗೆ ಝುಂ ಎಂದಿತು. ಅಧಿಕಾರಿಣಿ ನೆಲ ನೋಡುತ್ತ ನಿಂತಳು. "ಯಾರ್ರೀ ಅದು? ಹೊರಗೆ ಹಾಕಿ!" ಎಂದು ಹರಾಜು ಕೂಗುವವನು ಅರಚಿದ. ಹಾಡಿನ ನಟ್ಟನಡುವೆ, ಮೇಲಿನ ಮೂರು ದನಿಗಳು ನಿಂತು ಕೆಳಗಿನದೊಂದೇ ಉಳಿಯುವ ಜಾಗಕ್ಕೆ ಅವನು ಬಂದಿದ್ದಾಗಲೇ, ಬಾಗಿಲ ಕಾವಲಿನ ದಾಂಡಿಗ ಬಂದು ತೋಳು ಹಿಡಿದು ಎಳೆದುಕೊಂಡು ಹೋದ.

ಹೊರಗಿನ ಮೆಟ್ಟಿಲ ಮೇಲೆ ಬಿಸಿಲು ಕಣ್ಣಿಗೆ ಹೊಡೆಯಿತು. ಒಳಗಿನಿಂದ ಕ್ಷಮೆ ಕೇಳುವ ದನಿ, ನಗು, ಆಮೇಲೆ ಬೆಲೆಯ ಕೂಗಾಟ, ಕೊನೆಗೆ ಟಕ್ ಎಂದು ಸುತ್ತಿಗೆ ಬಿದ್ದ ಸದ್ದು ಕೇಳಿಸಿತು. ಚಪ್ಪಾಳೆ. ಖಾಲಿ ಸಾಲು ಯಾರದೋ ಪಾಲಾಯಿತು. ಗುಡುಗಣ್ಣನಿಗೆ ಅಳು ಬಂತು; ಅದು ದುಃಖದ್ದಲ್ಲ, ಸಿಟ್ಟಿನದು. ಇಸ್ತ್ರಿ ಅಂಗಿಯ ತೋಳಿನಲ್ಲೇ ಮೂಗು ಒರೆಸಿಕೊಂಡ.

ದಾಂಡಿಗ ಒಳಗೆ ಹೋಗಿರಲಿಲ್ಲ. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಟೋಪಿ ತೆಗೆದು, ಇವನ ಪಕ್ಕ ನಿಂತ. ಆಮೇಲೆ ತನ್ನಷ್ಟಕ್ಕೆ ತಾನೇ ಗುನುಗಿದ. ಗುಡುಗಣ್ಣ ಹಾಡಿದ್ದ ಮೊದಲ ತುಂಡೇ ಅದು. ಅಲ್ಲಲ್ಲಿ ಎಡವಿದರೂ ದನಿ ಬಾವಿಯ ತಳದಿಂದ ಬಂದಿತ್ತು.

"ಯಜಮಾನ್ರೇ, ತಪ್ಪು ತಿಳೀಬೇಡಿ, ನನ್ನ ಕೆಲಸ ಅದು" ಅಂದ. "ಆದ್ರೆ ಆ ಹಾಡು… ಅಷ್ಟಕ್ಕೇ ನಿಂತೋಗುತ್ತಾ? ಪೂರ್ತಿ ಆಗಿಲ್ವಾ ಅದು?"

ಗುಡುಗಣ್ಣ ಕೆರಳಿ ತಿರುಗಿದ. "ಪೂರ್ತಿ ಆಗಿಲ್ವಂತೆ! ನೀನೇ ಅಲ್ವೇನೋ ನಡುವೆ ಎಳ್ಕೊಂಡು ಬಂದವನು? ಇನ್ನೂ ಅರ್ಧ ಇದೆ. ಬಾ, ಕೂತ್ಕೋ ಇಲ್ಲಿ. ಬೆನ್ನು ನೆಟ್ಟಗೆ ಮಾಡು. ಮೊದಲಿಂದ ಹೇಳ್ತೀನಿ, ನನ್ನ ಹಿಂದೆ ಹೇಳು."